ಕಡ್ಡಿಯ ಕೆಳಗಿದ್ದ ಬೆರಳು

ಹಾರ್ವರ್ಡ್ ವಿಶ್ವವಿದ್ಯಾಲಯದ ಸ್ಯಾಂಡರ್ಸ್ ಸಭಾಂಗಣದಲ್ಲಿ ಒಮ್ಮೆ ಸಾರ್ವಜನಿಕ ಉಪನ್ಯಾಸ ನಡೆದಿತ್ತು. ಹೃದಯದ ಕೆಲಸ ಎಂಥದು ಎಂಬುದು ವಿಷಯ. ಮಾತನಾಡುತ್ತಿದ್ದವನು ನ್ಯೂವೆಲ್ ಮಾರ್ಟಿನ್ ಎಂಬ ಶರೀರಶಾಸ್ತ್ರಜ್ಞ. ತೋರಿಸುವುದಕ್ಕೆ ಆಮೆಯೊಂದರ ಹೃದಯವನ್ನು ಇಟ್ಟಿದ್ದರು. ಅದರ ಮೇಲೆ ನಿಲ್ಲಿಸಿದ್ದ ಹುಲ್ಲುಕಡ್ಡಿಯ ನೆರಳು ಪರದೆಯ ಮೇಲೆ ಬಹಳ ದೊಡ್ಡದಾಗಿ ಬೀಳುತ್ತಿತ್ತು, ಹೃದಯ ಬಡಿದಂತೆ ಏರಿಳಿಯುತ್ತಿತ್ತು. ಈ ನರವನ್ನು ಕೆಣಕಿದರೆ ಬಡಿತ ನಿಲ್ಲುತ್ತದೆ ಎಂದ ಮಾರ್ಟಿನ್. ನಿಂತಿತು. ಆದರೆ ನಿಂತದ್ದು ನಿಂತೇಹೋಯಿತು. ಪಾಪದ ಆಮೆಯ ಹೃದಯದಲ್ಲಿ ಮುಂದಿನ ಪ್ರಯೋಗಕ್ಕೆ ಜೀವ ಉಳಿದಿರಲಿಲ್ಲ.

ಆ ಹೃದಯವನ್ನು ನೋಡಿಕೊಳ್ಳುವ ಹೊಣೆ ಹೊತ್ತಿದ್ದವನು ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್. ಯೋಚಿಸಲು ಸಮಯವಿರಲಿಲ್ಲ. ಕಡ್ಡಿಯ ನೆರಳು ಬೀಳದ ಭಾಗದ ಕೆಳಗೆ ತೋರುಬೆರಳು ಇಟ್ಟು, ಸಹೋದ್ಯೋಗಿ ಹೇಳಿದ ಲಯಕ್ಕೆ ಸರಿಯಾಗಿ ತಾನೇ ಕಡ್ಡಿಯನ್ನು ಆಡಿಸಿದ. ಪರದೆಯ ಮೇಲೆ ಸತ್ತ ಹೃದಯ ಮತ್ತೆ ಬಡಿಯಿತು. ಸಭೆಗೆ ಏನೂ ತಿಳಿಯಲಿಲ್ಲ.

ಇದನ್ನು ಯಾರೋ ಶತ್ರು ಬಯಲು ಮಾಡಿದ್ದಲ್ಲ. ಸಾಯುವುದಕ್ಕೆ ಒಂದು ವರ್ಷ ಮೊದಲು, 1909ರಲ್ಲಿ, ಜೇಮ್ಸ್ ತಾನಾಗಿಯೇ ಬರೆದುಕೊಂಡ. ಬರೆದದ್ದು ಶರೀರಶಾಸ್ತ್ರದ ಲೇಖನದಲ್ಲೂ ಅಲ್ಲ; ದೆವ್ವ, ಆತ್ಮ, ಮೈಮೇಲೆ ಬರುವುದು, ಇವುಗಳ ಬೆನ್ನು ಹತ್ತಿ ತಾನು ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಏನು ಸಿಕ್ಕಿತು ಎಂದು ಲೆಕ್ಕ ಒಪ್ಪಿಸಿದ ಲೇಖನದಲ್ಲಿ.

ನಾನು ಜೇಮ್ಸ್‌ನನ್ನು ಓದತೊಡಗಿದ್ದು ಮನಶ್ಶಾಸ್ತ್ರದ ಆಸಕ್ತಿಯಿಂದಲ್ಲ. ನನ್ನ ಚಿಕ್ಕಮ್ಮ ತೀರಿಕೊಂಡ ರಾತ್ರಿ, ಅವರಿದ್ದ ಊರಿನಿಂದ ಬಹಳ ದೂರದಲ್ಲಿ ಮಲಗಿದ್ದ ನನಗೆ ಅವರ ದನಿಯಲ್ಲಿ ನನ್ನ ಹೆಸರು ಕೇಳಿಸಿತು. ಎದ್ದು ಕುಳಿತೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ನೀರು ಕುಡಿದು ಮತ್ತೆ ಮಲಗಿದೆ. ಬೆಳಗ್ಗೆ ಫೋನ್ ಬಂತು. ಅಂದಿನಿಂದ ಈ ಅನುಭವವನ್ನು ಎಲ್ಲಿಡಬೇಕು ಎಂದು ತಿಳಿಯದೆ ಒದ್ದಾಡಿದ್ದೇನೆ. ನಂಬುವವರ ಬಳಿ ಹೇಳಿದರೆ ಅವರು ಬೇಗ ನಂಬಿಬಿಡುತ್ತಾರೆ. ನಂಬದವರ ಬಳಿ ಹೇಳಿದರೆ ಮಾತು ಮುಗಿಯುವ ಮೊದಲೇ ವಿವರಣೆ ಕೊಡುತ್ತಾರೆ. ಇಬ್ಬರಿಗೂ ನನ್ನ ಚಿಕ್ಕಮ್ಮನ ಬಗ್ಗೆ ಏನನ್ನೂ ಕೇಳಬೇಕು ಅನ್ನಿಸುವುದಿಲ್ಲ. ಕೇಳುವ ವ್ಯವಧಾನ ಇದ್ದ ಒಬ್ಬ ಮನುಷ್ಯ ನನಗೆ ಸಿಕ್ಕಿದ್ದು ಪುಸ್ತಕದಲ್ಲಿ, ಅದೂ ನೂರು ವರ್ಷಗಳಿಗಿಂತ ಹಿಂದೆ ತೀರಿಕೊಂಡವನು.

ಜೇಮ್ಸ್ ಹುಟ್ಟಿದ್ದು 1842ರಲ್ಲಿ, ನ್ಯೂಯಾರ್ಕಿನಲ್ಲಿ. ಕಾದಂಬರಿಕಾರ ಹೆನ್ರಿ ಜೇಮ್ಸ್ ಅವನ ತಮ್ಮ. ತಂದೆ ಸ್ವೀಡನ್‌ಬೋರ್ಗ್ ಎಂಬ ಅನುಭಾವಿಯ ಬರಹಗಳಲ್ಲಿ ಮುಳುಗಿಹೋಗಿದ್ದ ಮನುಷ್ಯ; ಆದ್ದರಿಂದ ಕಾಣದ ಲೋಕದ ಮಾತು ಆ ಮನೆಗೆ ಹೊಸದಲ್ಲ. ಮಗ 1869ರಲ್ಲಿ ಹಾರ್ವರ್ಡಿನಿಂದ ವೈದ್ಯಕೀಯ ಪದವಿ ಪಡೆದ, ಆದರೆ ವೈದ್ಯನಾಗಿ ಕೆಲಸ ಮಾಡಲಿಲ್ಲ. ಅದೇ ಹೊತ್ತಿಗೆ ತೀವ್ರ ಖಿನ್ನತೆಗೆ ಬಿದ್ದ. ಮನುಷ್ಯ ಬರಿಯ ಯಂತ್ರವಾದರೆ ಬದುಕಿ ಏನು ಪ್ರಯೋಜನ ಎಂಬ ಪ್ರಶ್ನೆ ಅವನನ್ನು ಹಿಂಡುತ್ತಿತ್ತು. 1870ರ ಏಪ್ರಿಲ್ 30ರಂದು ದಿನಚರಿಯಲ್ಲಿ ಒಂದು ನಿರ್ಧಾರ ಬರೆದುಕೊಂಡ: ಇಚ್ಛಾಸ್ವಾತಂತ್ರ್ಯವಿದೆ ಎಂದು ನಂಬುವುದೇ ನನ್ನ ಇಚ್ಛಾಸ್ವಾತಂತ್ರ್ಯದ ಮೊದಲ ಕೆಲಸ. ಹೀಗೆ ಎದ್ದು ನಿಂತವನು ಮುಂದೆ ಹಾರ್ವರ್ಡಿನಲ್ಲಿ ಅಮೆರಿಕದ ಮನಶ್ಶಾಸ್ತ್ರಕ್ಕೆ ಅಡಿಪಾಯ ಹಾಕಿದ. 1878ರಲ್ಲಿ ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡ ಪಠ್ಯಪುಸ್ತಕ ಹನ್ನೆರಡು ವರ್ಷ ಹಿಡಿದು, 1890ರಲ್ಲಿ ಎರಡು ಸಂಪುಟಗಳಾಗಿ ಹೊರಬಂತು. ಪ್ರಜ್ಞೆ ಬಿಡಿ ಬಿಡಿ ತುಣುಕುಗಳಲ್ಲ, ಹರಿಯುವ ಹೊಳೆ ಎಂಬ ಅವನ ಮಾತು ಇಂದು ಎಲ್ಲರ ಬಾಯಲ್ಲಿದೆ.

ಆ ಹನ್ನೆರಡು ವರ್ಷಗಳ ನಡುವೆ, 1885ರ ಜುಲೈನಲ್ಲಿ, ಅವನ ಮೂರನೆಯ ಮಗ ಹರ್ಮನ್ ತೀರಿಕೊಂಡ. ನಾಯಿಕೆಮ್ಮಿನಿಂದ ಶುರುವಾದದ್ದು ಶ್ವಾಸಕೋಶಕ್ಕೆ ಇಳಿಯಿತು. ಮಗುವಿಗೆ ಒಂದೂವರೆ ವರ್ಷ.

ಆ ವರ್ಷವೇ ಜೇಮ್ಸ್‌ನ ಅತ್ತೆ, ಅಂದರೆ ಹೆಂಡತಿ ಆಲಿಸಳ ತಾಯಿ, ಬಾಸ್ಟನ್ನಿನಲ್ಲಿ ಲಿಯೊನೋರಾ ಪೈಪರ್ ಎಂಬ ಗೃಹಿಣಿಯ ಹೆಸರು ಕೇಳಿ ಅಲ್ಲಿಗೆ ಹೋಗಿಬಂದರು. ಪೈಪರ್ ಮೈಮರೆತು ಕುಳಿತಾಗ ಆಕೆಯ ಬಾಯಿಂದ ಬೇರೆ ಯಾರೋ ಮಾತನಾಡುತ್ತಿದ್ದರು. ಅತ್ತೆಯ ಬಳಿಕ ಮನೆಯ ಇನ್ನೊಬ್ಬರು ಹೋಗಿಬಂದರು. ಇಬ್ಬರೂ ಬೆರಗಾಗಿದ್ದನ್ನು ಕಂಡು, ಇದರ ಗುಟ್ಟು ನನಗೆ ಗೊತ್ತು ಎಂಬಂತೆ ಜೇಮ್ಸ್ ಮೊದಲು ತಮಾಷೆ ಮಾಡಿದ. ಬಳಿಕ ಹೆಂಡತಿಯ ಜೊತೆ ತಾನೇ ಹೋದ. ಯಾರು ಎಂಬುದನ್ನು ಹೇಳಲಿಲ್ಲ.

ಪೈಪರ್ ಮೈಮೇಲೆ ಬರುತ್ತಿದ್ದವನು ತನ್ನನ್ನು ಡಾಕ್ಟರ್ ಫಿನುಯಿ ಎಂದು ಕರೆದುಕೊಳ್ಳುತ್ತಿದ್ದ, ತಾನು ಫ್ರೆಂಚ್ ವೈದ್ಯ ಎನ್ನುತ್ತಿದ್ದ. ಆದರೆ ಫ್ರೆಂಚ್ ಭಾಷೆಯಲ್ಲಿ ಮಾತನಾಡಿಸಿದರೆ ಅವನಿಗೆ ಹೆಚ್ಚೇನೂ ಬರುತ್ತಿರಲಿಲ್ಲ. ಮೊದಲ ಭೇಟಿಯಲ್ಲಿ ಅವನು ಹೇಳಿದ ಹೆಸರುಗಳನ್ನು ಜೇಮ್ಸ್ ಇದ್ದದ್ದು ಇದ್ದ ಹಾಗೆ ದಾಖಲಿಸಿದ್ದಾನೆ. ಮಾವನ ಮನೆತನದ ಹೆಸರು ಗಿಬ್ಬೆನ್ಸ್. ಫಿನುಯಿ ಮೊದಲು ನಿಬ್ಲಿನ್ ಎಂದ, ಆಮೇಲೆ ಗಿಬ್ಲಿನ್ ಎಂದ. ತೀರಿಕೊಂಡ ಮಗುವಿನ ಹೆಸರು ಹೆರಿನ್ ಎಂದು ಬಂತು.

ಈ ಹೆರಿನ್ ಎಂಬ ಪದದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಕೆಲವೇ ತಿಂಗಳ ಹಿಂದೆ ಮಣ್ಣಿಗಿಟ್ಟ ಮಗುವಿನ ಹೆಸರಿನ ಸಮೀಪದ ಸದ್ದು ಅಪರಿಚಿತಳ ಬಾಯಿಂದ ಬಿದ್ದಾಗ, ಪಕ್ಕದಲ್ಲಿ ಆ ಮಗುವಿನ ತಾಯಿ ಕುಳಿತಿರುವಾಗ, ಯಾವ ತಂದೆಯ ಕಿವಿ ಅದನ್ನು ಹರ್ಮನ್ ಎಂದು ತಿದ್ದಿಕೊಳ್ಳುವುದಿಲ್ಲ? ಬರೆದುಕೊಳ್ಳುವಾಗ ಒಂದಕ್ಷರ ಆಚೀಚೆ ಮಾಡಿದ್ದರೆ ಕೇಳುವವರು ಯಾರೂ ಇರಲಿಲ್ಲ. ಜೇಮ್ಸ್ ಹೆರಿನ್ ಎಂದೇ ಬರೆದ.

ಹೊಂದದ್ದನ್ನು ಹೀಗೆ ಬಿಡದೆ ಬರೆದಿಟ್ಟವನಾದ್ದರಿಂದ, ಹೊಂದಿದ್ದನ್ನು ಅವನು ಹೇಳುವಾಗ ನಾನು ಕಿವಿಗೊಡುತ್ತೇನೆ. ಅತ್ತೆ ಯುರೋಪಿನಿಂದ ಮರಳಿದ ಮೇಲೆ ಬ್ಯಾಂಕಿನ ಪುಸ್ತಕ ಸಿಗದೆ ಒಂದು ಬೆಳಗ್ಗೆಯೆಲ್ಲ ಹುಡುಕಿದ್ದರು. ಪೈಪರ್ ಹೇಳಿದ ಜಾಗದಲ್ಲಿ ನೋಡಿದಾಗ ಕೂಡಲೇ ಸಿಕ್ಕಿತು. ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರ. ನಿನ್ನ ಮಗುವಿನ ಜೊತೆ ಇಲ್ಲಿ ಇನ್ನೊಬ್ಬ ಹುಡುಗ ಇದ್ದಾನೆ ಎಂದು ಪೈಪರ್ ಒಂದು ಹೆಸರು ಹೇಳಿದಳು. ಬೇರೆ ಊರಿನಲ್ಲಿದ್ದ ಹೆಂಡತಿಯ ಸಂಬಂಧಿಕರ ಮನೆಯ ಕೂಸು ಅದು. ಜೇಮ್ಸ್ ಮನೆಗೆ ಬಂದು, ಅವರು ಒಂದು ಮಗುವನ್ನು ಕಳೆದುಕೊಂಡದ್ದು ನಿಜ, ಆದರೆ ಪೈಪರ್ ಹೇಳಿದ ಹೆಸರು, ವಯಸ್ಸು ತಪ್ಪು, ಗಂಡೋ ಹೆಣ್ಣೋ ಎಂಬುದೂ ತಪ್ಪು ಎಂದ. ಹೆಂಡತಿ ಹೇಳಿದಳು: ಎಲ್ಲವೂ ಸರಿಯಾಗಿದೆ, ನೀವು ತಪ್ಪು ತಿಳಿದುಕೊಂಡಿದ್ದೀರಿ. ಎದುರಿಗೆ ಕುಳಿತವರ ಮನಸ್ಸನ್ನು ಓದಿ ಹೇಳುತ್ತಾಳೆ ಎನ್ನುವುದಾದರೆ, ಜೇಮ್ಸ್‌ನ ಮನಸ್ಸಿನಲ್ಲಿದ್ದದ್ದು ತಪ್ಪು ಉತ್ತರವಲ್ಲವೇ?

ಇಲ್ಲಿ ಅವನು ಮೈಮರೆಯಲಿಲ್ಲ. ಪೈಪರ್ ಎದುರಿಗಿದ್ದವರ ಕೈ ಹಿಡಿದುಕೊಂಡು ಮಾತನಾಡುತ್ತಿದ್ದಳು. ಅಂಗೈಯ ಸಣ್ಣ ಅದುರುವಿಕೆಯೂ ಸುಳಿವು ಕೊಡಬಲ್ಲದು ಎಂಬುದು ಶರೀರಶಾಸ್ತ್ರ ಕಲಿಸಿದವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಫಿನುಯಿ ಕತ್ತಲಲ್ಲಿ ಗಾಳ ಹಾಕುವುದನ್ನೂ, ಎದುರಿನವರ ಪ್ರತಿಕ್ರಿಯೆಗೆ ತಕ್ಕಂತೆ ಹೆಸರು ತಿದ್ದಿಕೊಳ್ಳುವುದನ್ನೂ ಅವನು ಕಂಡಿದ್ದ. ಪೈಪರ್‌ಳನ್ನು ಸಂಮೋಹನಕ್ಕೆ ಒಳಪಡಿಸಿ, ಆ ಸ್ಥಿತಿಯಲ್ಲಿ ಇಸ್ಪೀಟು ಎಲೆಗಳನ್ನು ಊಹಿಸಬಲ್ಲಳೇ ಎಂದು ಪರೀಕ್ಷಿಸಿದ. ಫಲ ಸೊನ್ನೆ. ಅದನ್ನೂ ಬರೆದ.

ಮುಂದಿನ ಪರೀಕ್ಷೆಗಳನ್ನು ರಿಚರ್ಡ್ ಹಾಡ್ಜ್‌ಸನ್ ಎಂಬವನು ವಹಿಸಿಕೊಂಡ. 1882ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾಗಿದ್ದ ಅತೀಂದ್ರಿಯ ಸಂಶೋಧನಾ ಸಂಘ ಈ ಹಾಡ್ಜ್‌ಸನ್‌ನನ್ನು ಮೊದಲು ಮದರಾಸಿಗೆ ಕಳಿಸಿತ್ತು. ಅಡ್ಯಾರಿನಲ್ಲಿ ಥಿಯಾಸಫಿಕಲ್ ಸೊಸೈಟಿಯ ಮೇಡಂ ಬ್ಲಾವಟ್‌ಸ್ಕಿಯ ಪವಾಡಗಳನ್ನು ಸೋಸಿ ನೋಡಿ, ಎಲ್ಲ ಕೈಚಳಕ ಎಂದು 1885ರಲ್ಲಿ ವರದಿ ಕೊಟ್ಟವನು ಅವನೇ. ಅಂಥವನು ಬಾಸ್ಟನ್ನಿಗೆ ಬಂದು ಪೈಪರ್ ದಂಪತಿಯ ಹಿಂದೆ ಪತ್ತೇದಾರರನ್ನು ಬಿಟ್ಟ. ಯಾರಿಂದಾದರೂ ಗುಟ್ಟಾಗಿ ವಿಷಯ ಸಂಗ್ರಹಿಸುತ್ತಾಳೆಯೇ ಎಂದು ನೋಡಿದ. ಆಕೆ ಇಂಗ್ಲೆಂಡಿಗೆ ಹೋದಾಗ ಅಲ್ಲಿ ಭೌತವಿಜ್ಞಾನಿ ಆಲಿವರ್ ಲಾಡ್ಜ್ ಆಕೆಯ ಪೆಟ್ಟಿಗೆಗಳನ್ನೇ ಶೋಧಿಸಿದ. ಮೋಸ ಸಿಗಲಿಲ್ಲ. ಹೀಗೆ ಬೇಹುಗಾರಿಕೆಗೆ ಒಳಗಾಗಿಯೂ ವರ್ಷಾನುಗಟ್ಟಲೆ ಸಹಕರಿಸಿದ ಆ ಹೆಣ್ಣಿನ ತಾಳ್ಮೆಯ ಬಗ್ಗೆ ಬರೆದವರು ಕಡಿಮೆ. ತನಗೆ ಏನಾಗುತ್ತಿದೆ ಎಂದು ಆಕೆಗೂ ಗೊತ್ತಿರಲಿಲ್ಲ. ಸತ್ತವರು ತನ್ನ ಮೂಲಕ ಮಾತನಾಡುತ್ತಾರೆ ಎಂದು ಆಕೆ ಖಚಿತವಾಗಿ ಹೇಳಿಕೊಂಡವಳೂ ಅಲ್ಲ.

ಕಾಗೆಗಳೆಲ್ಲ ಕಪ್ಪು ಎಂಬ ನಿಯಮವನ್ನು ಮುರಿಯಬೇಕಾದರೆ ಯಾವ ಕಾಗೆಯೂ ಕಪ್ಪಲ್ಲ ಎಂದು ಸಾಧಿಸಬೇಕಾಗಿಲ್ಲ, ಒಂದು ಬಿಳಿ ಕಾಗೆ ಸಿಕ್ಕರೆ ಸಾಕು; ನನ್ನ ಬಿಳಿ ಕಾಗೆ ಶ್ರೀಮತಿ ಪೈಪರ್. ಲಂಡನ್ನಿನ ಆ ಸಂಘದ ಅಧ್ಯಕ್ಷನಾಗಿ ಬರೆದ ಭಾಷಣದಲ್ಲಿ ಜೇಮ್ಸ್ ಆಡಿದ ಮಾತಿದು, 1896ರದ್ದು. ಈ ಮಾತನ್ನು ಉಲ್ಲೇಖಿಸುವವರು ಬಹಳ. ಆದರೆ ಆ ಬಿಳಿ ಕಾಗೆ ಯಾವುದಕ್ಕೆ ಸಾಕ್ಷಿ ಎಂದು ಅವನು ಹೇಳಿದ ಎಂಬುದನ್ನು ಬಿಟ್ಟುಬಿಡುತ್ತಾರೆ. ಎಚ್ಚರದಲ್ಲಿ ಕಣ್ಣು, ಕಿವಿ, ಬುದ್ಧಿಗಳಿಂದ ಆಕೆ ಪಡೆದಿರಲಾಗದ ತಿಳಿವು ಮೈಮರೆತಾಗ ಆಕೆಯಲ್ಲಿ ಕಾಣಿಸಿಕೊಳ್ಳುತ್ತದೆ ಎಂಬಷ್ಟೇ ಅವನ ಮಾತು. ಅದು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಅವನು ಉತ್ತರ ಕೊಡಲಿಲ್ಲ. ಸತ್ತವರು ಬಂದರು ಎನ್ನಲಿಲ್ಲ. ಹರ್ಮನ್ ಎಲ್ಲೋ ಇದ್ದಾನೆ ಎನ್ನಲಿಲ್ಲ.

ಇಷ್ಟಕ್ಕೇ ಸಹೋದ್ಯೋಗಿಗಳು ಸಿಡಿದೆದ್ದರು. ಮನಶ್ಶಾಸ್ತ್ರ ಆಗಷ್ಟೇ ಪ್ರಯೋಗಶಾಲೆ ಕಟ್ಟಿಕೊಂಡು ವಿಜ್ಞಾನದ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳಲು ಹೊರಟಿದ್ದ ಕಾಲ. ಜೇಮ್ಸ್ ಕ್ಯಾಟೆಲ್ ಎಂಬ ಮನಶ್ಶಾಸ್ತ್ರಜ್ಞ 1898ರಲ್ಲಿ ಬಹಿರಂಗವಾಗಿಯೇ ಅವನ ಮೇಲೆ ಹರಿಹಾಯ್ದ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆ ಕಾಲದ ಬಾಸ್ಟನ್, ಲಂಡನ್ನುಗಳಲ್ಲಿ ಮೇಜು ಬಡಿಯುವವರಿಗೂ, ಕತ್ತಲಲ್ಲಿ ಬಟ್ಟೆ ಸುತ್ತಿಕೊಂಡು ಪ್ರೇತವಾಗುವವರಿಗೂ ಬರವಿರಲಿಲ್ಲ. ಗೌರವಾನ್ವಿತ ಪ್ರಾಧ್ಯಾಪಕನ ಹೆಸರು ಅವರ ಅಂಗಡಿಗೆ ಫಲಕವಾಗುತ್ತಿತ್ತು. ಆದರೂ ನನಗೆ ಜೇಮ್ಸ್‌ನದೇ ಸರಿ ಎನಿಸುತ್ತದೆ. ಇಷ್ಟು ಜನ ಇಷ್ಟು ಕಾಲದಿಂದ ಕಾಣುತ್ತಿರುವುದನ್ನು, ಕೇಳುತ್ತಿರುವುದನ್ನು ಮನಶ್ಶಾಸ್ತ್ರ ಪರೀಕ್ಷಿಸದಿದ್ದರೆ ಇನ್ಯಾವ ಶಾಸ್ತ್ರ ಪರೀಕ್ಷಿಸಬೇಕು?

ಆ ಪ್ರಯತ್ನದ ಒಂದು ಭಾಗ ಭ್ರಮೆಗಳ ಗಣತಿ. ಪೂರ್ತಿ ಎಚ್ಚರವಿದ್ದಾಗ, ಹೊರಗಿನ ಯಾವ ಕಾರಣವೂ ಇಲ್ಲದೆ, ಯಾರನ್ನಾದರೂ ಕಂಡಂತೆ, ಯಾರೋ ಮುಟ್ಟಿದಂತೆ, ಯಾರದೋ ದನಿ ಕೇಳಿದಂತೆ ನಿಮಗೆ ಎಂದಾದರೂ ಸ್ಪಷ್ಟವಾಗಿ ಅನಿಸಿದ್ದಿದೆಯೇ? ಇಂಗ್ಲೆಂಡಿನ ಗಣತಿಯಲ್ಲಿ 17,000 ಜನರಿಗೆ ಈ ಪ್ರಶ್ನೆ ಕೇಳಿದರು. ಅಮೆರಿಕದ ಗಣತಿಯ ಹೊಣೆ ಜೇಮ್ಸ್‌ನದಾಗಿತ್ತು. 1894ರ ಇಂಗ್ಲೆಂಡಿನ ವರದಿಯ ಪ್ರಕಾರ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರು ಹೌದು ಎಂದರು. ಅವರಲ್ಲಿ ಹುಚ್ಚರಿರಲಿಲ್ಲ, ಜ್ವರದ ಸನ್ನಿಯಲ್ಲಿದ್ದವರಿರಲಿಲ್ಲ. ಕಂಡ ವ್ಯಕ್ತಿ ಅದೇ ವೇಳೆಗೆ ಸತ್ತಿದ್ದ ಪ್ರಸಂಗಗಳನ್ನು ಬೇರೆ ಮಾಡಿ, ಕಾಕತಾಳೀಯದಿಂದ ಎಷ್ಟು ಆಗಬಹುದು ಎಂದು ಲೆಕ್ಕ ಹಾಕಿದರು. ಅದೇ ವೇಳೆ ಎನ್ನುವುದಕ್ಕೆ ಅವರು ಇಟ್ಟುಕೊಂಡ ಅಳತೆ ಸಾವಿನ ಹಿಂದೆ ಹನ್ನೆರಡು ಗಂಟೆ, ಮುಂದೆ ಹನ್ನೆರಡು ಗಂಟೆ. ಸಿಕ್ಕ ಸಂಖ್ಯೆ ನಿರೀಕ್ಷೆಗಿಂತ ಬಹಳ ಹೆಚ್ಚಿತ್ತು. ಆದರೆ ಆ ಕಥೆಗಳೆಲ್ಲ ನೆನಪಿನಿಂದ ಹೇಳಿದವು. ಸಾವಿನ ಸುದ್ದಿ ಬರುವ ಮೊದಲೇ ಬರೆದಿಟ್ಟ ಕಾಗದ ತೋರಿಸಬಲ್ಲವರು ಬಹಳ ವಿರಳ. ಜೇಮ್ಸ್‌ಗೆ ಈ ಕೊರತೆ ಗೊತ್ತಿತ್ತು.

1905ರ ಡಿಸೆಂಬರ್ 20ರಂದು ಹಾಡ್ಜ್‌ಸನ್ ಬಾಸ್ಟನ್ನಿನಲ್ಲಿ ಚೆಂಡಾಡುತ್ತಿದ್ದಾಗ ಇದ್ದಕ್ಕಿದ್ದಂತೆ ಕುಸಿದು ಸತ್ತ. ಎಂಟೇ ದಿನಗಳಲ್ಲಿ, ಡಿಸೆಂಬರ್ 28ರಂದು, ಪೈಪರ್‌ಳ ಮೂಲಕ ಹಾಡ್ಜ್‌ಸನ್ ಬಂದಿದ್ದೇನೆ ಎಂಬ ಸಂದೇಶ ಬಂತು. ಪೈಪರ್ ಇರುವಾಗಲೇ ನಾನು ಸತ್ತರೆ ಬೇರೆ ಎಲ್ಲ ಆತ್ಮಗಳಿಗಿಂತ ಚೆನ್ನಾಗಿ ಮಾತನಾಡಿ ತೋರಿಸುತ್ತೇನೆ ಎಂದು ಅವನು ಬದುಕಿದ್ದಾಗ ಗೆಳೆಯರ ನಡುವೆ ಹೇಳಿಕೊಂಡಿದ್ದ. ಈಗ ಆ ಸಂದೇಶಗಳನ್ನು ಪರೀಕ್ಷಿಸುವ ಕೆಲಸ ಆಪ್ತ ಗೆಳೆಯ ಜೇಮ್ಸ್‌ನ ಪಾಲಿಗೆ ಬಂತು. 1909ರಲ್ಲಿ ಪ್ರಕಟವಾದ ಅವನ ವರದಿ ಉದ್ದವಾಗಿದೆ, ಬೇಸರ ತರುವಷ್ಟು ವಿವರವಾಗಿದೆ. ಗೆಳೆಯನ ನಗು, ಕೀಟಲೆ, ಸಲಿಗೆ ಎಲ್ಲ ಅಲ್ಲಿ ಕಾಣಿಸುತ್ತವೆ. ಆದರೆ ಇದು ಅವನೇ ಎಂದು ಮುಚ್ಚಳಿಕೆ ಬರೆದುಕೊಡಬಲ್ಲ ಒಂದು ಗುರುತೂ ಸಿಗುವುದಿಲ್ಲ. ಹೊರಗಿನಿಂದ ಯಾವುದೋ ಒಂದು ಇಚ್ಛೆ ಮಾತನಾಡಲು ಹವಣಿಸುತ್ತಿರಬಹುದು ಎಂದು ತನಗೆ ಅನಿಸುತ್ತದೆ ಎಂದ. ಅನಿಸುವುದು ಬೇರೆ, ಸಾಬೀತಾಗುವುದು ಬೇರೆ ಎಂದೂ ಸೇರಿಸಿದ.

ಅದೇ ವರ್ಷ ಜಿ. ಸ್ಟಾನ್ಲಿ ಹಾಲ್ ಇದೇ ಪೈಪರ್‌ಳ ಎದುರು ಕುಳಿತ. ಹಾಲ್ ಒಂದು ಕಾಲದಲ್ಲಿ ಜೇಮ್ಸ್‌ನ ಶಿಷ್ಯ. ಹಾರ್ವರ್ಡಿನಲ್ಲಿ 1878ರಲ್ಲಿ ಮನಶ್ಶಾಸ್ತ್ರಕ್ಕೆ ಸಿಕ್ಕ ಮೊದಲ ಡಾಕ್ಟರೇಟ್ ಅವನದು. ಅವನು ಹಾಡ್ಜ್‌ಸನ್ ಎಂದು ಹೇಳಿಕೊಂಡ ಆತ್ಮವನ್ನು, ನನ್ನ ಒಡಹುಟ್ಟಿದವರ ಮಗಳು, ತೀರಿಕೊಂಡಿರುವ ಬೆಸ್ಸಿ ಬೀಲ್ಸ್‌ಳನ್ನು ಕರೆತರುತ್ತೀಯಾ ಎಂದು ಕೇಳಿದ. ಬೆಸ್ಸಿ ಬಂದಳು, ಸಂದೇಶಗಳನ್ನೂ ಕೊಟ್ಟಳು. ಬೆಸ್ಸಿ ಎಂಬ ಹುಡುಗಿಯೇ ಇರಲಿಲ್ಲ. ಹಾಲ್ ಆ ಹೆಸರನ್ನು ಕಟ್ಟಿಕೊಂಡು ಬಂದಿದ್ದ. ಈ ಪ್ರಯೋಗ ನನ್ನನ್ನು ಕಲಕಿಬಿಟ್ಟಿತು. ಕೇಳಿದವರಿಗೆ ಕೇಳಿದ್ದನ್ನು ಕಟ್ಟಿಕೊಡುವ ಯಾವುದೋ ಶಕ್ತಿ ಪೈಪರ್‌ಳ ಒಳಗೇ ಇತ್ತು ಎಂಬುದನ್ನು ಇದಕ್ಕಿಂತ ನೇರವಾಗಿ ತೋರಿಸುವುದು ಕಷ್ಟ. ಆಕೆ ಬೇಕೆಂದು ಮೋಸ ಮಾಡಿದಳು ಎಂದು ನಾನು ಹೇಳಲಾರೆ. ಆದರೆ ಹಾಲ್‌ಗೆ ಬೆಸ್ಸಿ ಸಿಕ್ಕಳೆಂದರೆ, 1885ರಲ್ಲಿ ಆ ತಾಯಿ ತಂದೆಯರಿಗೆ ಸಿಕ್ಕದ್ದು ಏನು?

ಹಾಲ್‌ಗೆ ಮಗುವಿನ ಹೆಸರು ಕೇಳಿಸಬೇಕಾಗಿರಲಿಲ್ಲ. ಜೇಮ್ಸ್‌ಗೆ ಕೇಳಿಸಬೇಕಾಗಿತ್ತು. ಹಾಗಿದ್ದೂ ಅವನು ಇಪ್ಪತ್ತೈದು ವರ್ಷ ತೀರ್ಪು ಬರೆಯದೆ ಉಳಿದ.

ಸ್ವೀಡನ್ನಿನ ವೈದ್ಯ ಆಕ್ಸೆಲ್ ಮುಂತೆ ತನ್ನ ನೆನಪುಗಳಲ್ಲಿ ಒಂದು ದೃಶ್ಯ ಬರೆದಿದ್ದಾನೆ. 1901ರ ಜನವರಿ, ರೋಮ್ ನಗರ. ಟೆಲಿಪಥಿ ಎಂಬ ಪದವನ್ನು ಸೃಷ್ಟಿಸಿದ ಫ್ರೆಡರಿಕ್ ಮಯರ್ಸ್ ಅಲ್ಲಿ ಸಾಯುತ್ತಿದ್ದಾನೆ. ಮೊದಲು ಹೋದವನು ಉಳಿದವನಿಗೆ ಸುದ್ದಿ ಕಳಿಸಬೇಕು ಎಂದು ಅವನ ಮತ್ತು ಗೆಳೆಯ ಜೇಮ್ಸ್‌ನ ನಡುವೆ ಒಪ್ಪಂದವಾಗಿದೆ. ಜೇಮ್ಸ್ ತೆರೆದ ಬಾಗಿಲ ಬಳಿ ಕುರ್ಚಿಯಲ್ಲಿ ಕುಳಿತು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ಕೈಯಲ್ಲಿ ಲೇಖನಿ ಹಿಡಿದು ಕಾಯುತ್ತಾನೆ. ಮುಂತೆ ಹೊರಡುವಾಗಲೂ ಹಾಗೆಯೇ ಕುಳಿತಿದ್ದಾನೆ, ಪುಟ ಖಾಲಿ. ಮುಂತೆ ಕಥೆಗೆ ಬಣ್ಣ ಹಚ್ಚುವುದರಲ್ಲಿ ನಿಸ್ಸೀಮ, ಹಾಗಾಗಿ ಕುರ್ಚಿ, ಬಾಗಿಲುಗಳನ್ನು ನಾನು ಪೂರ್ತಿ ನಂಬುವುದಿಲ್ಲ. ಮಯರ್ಸ್ ರೋಮಿನಲ್ಲಿ ಸತ್ತದ್ದು, ಆಗ ಜೇಮ್ಸ್ ಅಲ್ಲಿದ್ದದ್ದು, ಎರಡೂ ನಿಜ. ಅಷ್ಟು ಸಾಕು.

ಈಗ ಆಮೆಯ ಹೃದಯಕ್ಕೆ ಮರಳುತ್ತೇನೆ. ಜೇಮ್ಸ್ ಆ ಕಥೆಯನ್ನು ಹೇಳಿದ್ದು ಒಂದು ವಾದಕ್ಕಾಗಿ. ಒಮ್ಮೆ ಮೋಸ ಮಾಡಿ ಸಿಕ್ಕಿಬಿದ್ದ, ಆತ್ಮಗಳ ಮಾತು ತರುವ ಮೀಡಿಯಂ ಹೇಳುವುದೆಲ್ಲ ಸುಳ್ಳು ಎಂದು ಬಾಗಿಲು ಹಾಕುವುದು ನ್ಯಾಯವಲ್ಲ ಎಂಬುದು ಅವನ ವಾದ. ನಾನೂ ಒಮ್ಮೆ ಮೋಸ ಮಾಡಿದೆ ಎನ್ನುತ್ತಾನೆ ಅವನು. ಹೃದಯದ ಬಗ್ಗೆ ಆ ಸಭೆ ತಿಳಿದುಕೊಂಡದ್ದು ಸತ್ಯವೇ ಆಗಿತ್ತು. ತರ್ಕ ಚೆನ್ನಾಗಿದೆ. ಆದರೆ ಓದಿದಾಗೆಲ್ಲ ನನಗೆ ಅದು ಇನ್ನೊಂದು ಕಡೆಯಿಂದ ಕಾಣುತ್ತದೆ. ನಿಜವೆಂದು ತನಗೆ ಗೊತ್ತಿದ್ದುದನ್ನು ಉಳಿಸುವುದಕ್ಕೆ ತನ್ನ ಬೆರಳು ಎಷ್ಟು ಬೇಗ, ಕೇಳದೆಯೇ, ಮುಂದೆ ಹೋಯಿತು ಎಂಬುದನ್ನು ಅವನು ಕಣ್ಣಾರೆ ಕಂಡಿದ್ದ. ಆ ಬೆರಳು ತನ್ನ ಕೈಯಲ್ಲೇ ಇದೆ ಎಂದು ತಿಳಿದಿದ್ದರಿಂದಲೇ ಪೈಪರ್‌ಳ ಎದುರು ಕುಳಿತಾಗ ಅವನು ಆ ಕೈಯನ್ನು ಅಷ್ಟು ಬಿಗಿಯಾಗಿ ಹಿಡಿದುಕೊಂಡಿರಬೇಕು. ಅದೇ ಲೇಖನದಲ್ಲಿ ಅವನು ಒಪ್ಪಿಕೊಳ್ಳುತ್ತಾನೆ: ಸಿದ್ಧಾಂತದ ಮಟ್ಟಿಗೆ ನಾನು ಶುರು ಮಾಡಿದಲ್ಲೇ ಇದ್ದೇನೆ; ಈ ಸಂಗತಿಗಳನ್ನು ಪೂರ್ತಿ ಅಲ್ಲಗಳೆಯಲೂ ಆಗದಂತೆ, ಪೂರ್ತಿ ಸಾಬೀತುಪಡಿಸಲೂ ಆಗದಂತೆ ಸೃಷ್ಟಿಕರ್ತನೇ ಬಯಸಿದ್ದಾನೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. 1910ರ ಆಗಸ್ಟ್ 26ರಂದು, ನ್ಯೂ ಹ್ಯಾಂಪ್‌ಶೈರಿನ ಚೊಕೋರುವದಲ್ಲಿದ್ದ ಬೇಸಿಗೆ ಮನೆಯಲ್ಲಿ ಅವನು ತೀರಿಕೊಂಡ.

ಗಣತಿಯ ಆ ಪ್ರಶ್ನೆಗೆ ನಾನೂ ಉತ್ತರ ಬರೆಯಬೇಕು ಎಂದು ಕಳೆದ ತಿಂಗಳು ಕುಳಿತೆ. ಚಿಕ್ಕಮ್ಮ ಹೋದದ್ದು ಬೆಳಗಿನ ಜಾವ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ದನಿ ಕೇಳಿಸಿದ್ದು ಎಷ್ಟು ಹೊತ್ತಿಗೆ ಎಂದು ಬರೆಯಬೇಕಾದಾಗ ಲೇಖನಿ ತಾನಾಗಿಯೇ ನಾಲ್ಕು ಗಂಟೆ ಎಂದು ಬರೆಯಿತು. ವರ್ಷಗಳಿಂದ ಎಲ್ಲರಿಗೂ ಹಾಗೆಯೇ ಹೇಳಿದ್ದೇನೆ. ತಿಥಿಯ ದಿನ ಇದನ್ನು ಕೇಳಿ ಅತ್ತವರಿದ್ದಾರೆ, ನನ್ನ ಕೈ ಹಿಡಿದುಕೊಂಡವರಿದ್ದಾರೆ.

ಯಾವುದಕ್ಕೂ ಇರಲಿ ಎಂದು ಆ ವರ್ಷದ ದಿನಚರಿ ತೆಗೆದು ನೋಡಿದೆ. ಸಾವಿನ ಮರುದಿನ ಬರೆದ ನಾಲ್ಕು ಸಾಲುಗಳಿವೆ. ಚಿಕ್ಕಮ್ಮ ಕರೆದಂತಾಗಿ ಎದ್ದೆ, ಪಕ್ಕದ ಮನೆಯ ಟೀವಿ ಇನ್ನೂ ಓಡುತ್ತಿತ್ತು, ಗಡಿಯಾರ ನೋಡಲಿಲ್ಲ ಎಂದಿದೆ. ಪಕ್ಕದ ಮನೆಯವರು ಹನ್ನೊಂದರ ನಂತರ ಟೀವಿ ಹಾಕಿದ್ದನ್ನು ನಾನು ಅಲ್ಲಿದ್ದ ಅಷ್ಟೂ ವರ್ಷ ಕೇಳಿದ್ದಿಲ್ಲ.

ಹನ್ನೊಂದಕ್ಕೂ ನಾಲ್ಕಕ್ಕೂ ನಡುವೆ ಐದು ಗಂಟೆ. ಗಣತಿಯವರ ಹನ್ನೆರಡು ಗಂಟೆಯ ಅಳತೆಯೊಳಗೆ ಅದು ಹೇಗೂ ಬರುತ್ತಿತ್ತು; ನಾನು ಗಡಿಯಾರದ ಮುಳ್ಳನ್ನು ಸರಿಸುವ ಅಗತ್ಯವೇ ಇರಲಿಲ್ಲ. ಯಾವಾಗ ಸರಿಸಿದೆ ಎಂದೂ ನನಗೆ ನೆನಪಿಲ್ಲ.

ಚಿಕ್ಕಮ್ಮನ ಮಗನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ನಾಲ್ಕು ಗಂಟೆಯ ಕಥೆಯನ್ನು ಅವನು ತನ್ನ ಮಕ್ಕಳಿಗೂ ಹೇಳಿದ್ದ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ:

"ಆದರೂ ಅಮ್ಮ ಕರೆದದ್ದು ಕೇಳಿಸಿತಲ್ಲ, ಅಕ್ಕಾ?"

ಕೇಳಿಸಿತು ಎಂದೆ.